ಒಣಗುವ ಹೊಂಡ ಹುಡುಕುತ್ತ

ಕಪ್ಪೆ ನೋಡಲು ಬಂದಿದ್ದೇನೆ ಎಂದಾಗ ಹುಕ್ಕೇರಿ ಬಸ್ ನಿಲ್ದಾಣದ ಹತ್ತಿರದ ಚಹಾದಂಗಡಿಯಲ್ಲಿ ಯಾರೂ ನಗಲಿಲ್ಲ. ಮಿರ್ಗದ ಮಳೆ ಹಿಂದಿನ ರಾತ್ರಿಯಷ್ಟೇ ಬಿದ್ದು ಎಲ್ಲರ ಮನಸ್ಸೂ ಹಗುರಾಗಿತ್ತು. "ಹಿಡಕಲ್ ಡ್ಯಾಮಿಗೆ ಹೋಗ್ರಿ ಸರ, ಬೇಕಾದಷ್ಟು ನೀರೈತಿ" ಎಂದ ಚಹಾ ಸೋಸುತ್ತಿದ್ದ ಹುಡುಗ. ಬೆಂಚಿನ ತುದಿಗೆ ಕೂತಿದ್ದ ಅಜ್ಜ ಬಸಿಯಿಂದ ತಲೆಯೆತ್ತಿ ಅವನನ್ನೇ ಗದರಿದರು: "ಡ್ಯಾಮಿನ್ಯಾಗ ಎಲ್ಲಿ ಕಪ್ಪಿ ಒದರ್ತಾವೋ ತಮ್ಮಾ? ಅಲ್ಲಿ ಮೀನ ಅದಾವ. ಗಾಯರಾಣದಾಗಿನ ಗರಸಿನ ತೆಗ್ಗಿಗೆ ಕರಕೊಂಡ ಹೋಗ ಅವರನ್ನ."

ನಾನು ಪುಸ್ತಕಗಳಲ್ಲಿ ಓದಿಕೊಂಡು ಬಂದದ್ದನ್ನು ಅಜ್ಜ ಎರಡು ಗುಟುಕಿನ ನಡುವೆ ಹೇಳಿ ಮುಗಿಸಿದ್ದರು. ಕಪ್ಪೆಗೆ ನೀರು ಬೇಕು, ಖರೆ; ಆದರೆ ಸಿಕ್ಕ ನೀರೆಲ್ಲ ಆಗಿಬರುವುದಿಲ್ಲ. ಹಿಡಕಲ್ಲಿನ ರಾಜಾ ಲಖಮಗೌಡ ಜಲಾಶಯ ತುಂಬಿದರೆ 51 ಟಿಎಂಸಿ. ಬೇಸಿಗೆಯಲ್ಲಿ ಹಿನ್ನೀರು ಇಳಿದಾಗ ಹುನ್ನೂರಿನ ಮುಳುಗಿದ ವಿಠ್ಠಲ ಗುಡಿ ಮೇಲೆ ಕಾಣುತ್ತದೆ, ಜನ ಗುಂಪುಗುಂಪಾಗಿ ನೋಡಲು ಹೋಗುತ್ತಾರೆ. ಅಂಥ ಆಳದ ನೀರಿನಲ್ಲಿ ಮೊಟ್ಟೆಯಿಟ್ಟ ಕಪ್ಪೆಯ ಸಂತಾನ ಉಳಿಯುವುದು ಕಷ್ಟ. ಮೊಟ್ಟೆಗೆ ಚಿಪ್ಪಿಲ್ಲ, ಗೊದಮೊಟ್ಟೆಗೆ ತಪ್ಪಿಸಿಕೊಳ್ಳುವ ವೇಗವಿಲ್ಲ; ಮೀನಿಗೆ ಎರಡೂ ಸಲೀಸಾದ ತುತ್ತು. ಅದಕ್ಕೇ ನಮ್ಮ ಬಯಲುಸೀಮೆಯ ಕಪ್ಪೆಗಳಲ್ಲಿ ಬಹಳಷ್ಟು ಮೀನು ಬದುಕಲಾರದ ನೀರನ್ನೇ ನೆಚ್ಚಿಕೊಂಡಿವೆ. ಮುಂಗಾರಿಗೆ ತುಂಬಿ, ದೀಪಾವಳಿ ಬರುವಷ್ಟರಲ್ಲಿ ತಳ ಬಿರುಕುಬಿಟ್ಟು ನಿಲ್ಲುವ ಹೊಂಡ ಅವಕ್ಕೆ ಹೇಳಿ ಮಾಡಿಸಿದ ಮನೆ. ನಮ್ಮ ಲೆಕ್ಕದಲ್ಲಿ ಅದು ಕೆಟ್ಟ ಹೊಂಡ, ಸೋರುವ ಹೊಂಡ, ರೊಕ್ಕ ದಂಡವಾದ ಹೊಂಡ.

ಸಂಜೆ ಆ ಹುಡುಗನೇ ಬೈಕಿನಲ್ಲಿ ಕರೆದೊಯ್ದ. ಊರಾಚೆ ಗಾಯರಾಣ, ಅಲ್ಲೊಂದಿಷ್ಟು ಜಾಲಿ, ರಸ್ತೆಗೆಂದು ಗರಸು ಅಗೆದೊಯ್ದು ಬಿಟ್ಟ ತೆಗ್ಗು. ಹಿಂದಿನ ರಾತ್ರಿಯ ನೀರು ಮೊಣಕಾಲುದ್ದ ನಿಂತಿತ್ತು, ಬಣ್ಣ ಹಾಲು ಜಾಸ್ತಿಯಾದ ಚಹಾದ್ದು. ಕತ್ತಲಾಗುವವರೆಗೆ ಏನೂ ಇಲ್ಲ. ಆಮೇಲೆ ಒಂದು ಕಡೆಯಿಂದ ಶುರುವಾಯಿತು ನೋಡಿ, ಪಕ್ಕದಲ್ಲಿ ನಿಂತ ಹುಡುಗ ಏನು ಹೇಳುತ್ತಿದ್ದಾನೆಂದೂ ಕೇಳದಾಯಿತು.

ಟಾರ್ಚ್ ಬಿಟ್ಟಾಗ ಮೊದಲು ಕಂಡದ್ದು ಗೂಳಿಗಪ್ಪೆಗಳು. ವರ್ಷವಿಡೀ ಮಣ್ಣು-ಹುಲ್ಲಿನ ಬಣ್ಣದಲ್ಲಿ ಅಡಗಿರುವ ಗಂಡುಗಳು ಈ ಕೆಲವು ರಾತ್ರಿಗಳ ಮಟ್ಟಿಗೆ ಅಪ್ಪಟ ಅರಿಸಿನದ ಬಣ್ಣಕ್ಕೆ ತಿರುಗುತ್ತವೆ. ಗಂಟಲಿನ ಎರಡೂ ಬದಿಗೆ ಕಡುನೀಲಿ ಚೀಲ. ಒದರುವಾಗ ಚೀಲ ಉಬ್ಬುತ್ತದೆ, ನೀರಿನಲ್ಲಿ ಸಣ್ಣ ಅಲೆ ಏಳುತ್ತದೆ. ಒಂದು ಇನ್ನೊಂದರ ಮೇಲೆ ಎಗರಿ ಬಿದ್ದು, ಮುಳುಗಿಸಿ, ಕಾಲಿನಿಂದ ಒದ್ದು ಜಾಗ ಹಿಡಿಯುತ್ತಿತ್ತು. ದಂಡೆಯ ಹಸಿಮಣ್ಣಿನಲ್ಲಿ ಮತ್ತೊಂದು ಸಂಗತಿ: ಮಣ್ಣು ತಾನಾಗಿ ಮಿಸುಕಾಡಿ ಒಡೆದು, ಗುಂಡಗಿನ ಒಂದು ಕಪ್ಪೆ ಮೈಗೆಲ್ಲ ಕೆಸರು ಮೆತ್ತಿಕೊಂಡು ಹೊರಬಂತು. ಬಿಲ ತೋಡುವ ಜಾತಿ. ಹಿಂಗಾಲಿನ ಅಡಿಯಲ್ಲಿ ಗುದ್ದಲಿಯ ಬಾಯಿಯಂಥ ಗಟ್ಟಿ ಅಂಚು ಇದೆ. ಅದರಿಂದ ಹಿಂದು ಹಿಂದಕ್ಕೆ ಅಗೆಯುತ್ತ ನೆಲದೊಳಗೆ ಇಳಿದು, ಒಣಗಾಲವನ್ನೆಲ್ಲ ಅಲ್ಲೇ ಕಳೆಯುತ್ತದೆ. ಅದು ಬೆಳಕಿಗೆ ಕಣ್ಣು ಪಿಳುಕಿಸಿ, ಪುಟ್ಟ ಹೆಜ್ಜೆಯಿಟ್ಟು ನೀರಿಗೆ ನಡೆದುಹೋಯಿತು. ಜಿಗಿಯಲಿಲ್ಲ, ನಡೆಯಿತು. ಹುಡುಗನಿಗೆ ಅದೇ ದೊಡ್ಡ ಸೋಜಿಗ. "ಇದು ಇಲ್ಲೇ ನೆಲದಾಗ ಇತ್ತೇನ್ರಿ? ನಾವ ಇದರ ಮ್ಯಾಲೇ ಕ್ರಿಕೆಟ್ ಆಡ್ತಿದ್ದಿವಲ್ರಿ!"

ಬೆಳಿಗ್ಗೆ ಹೋದರೆ ಸದ್ದಡಗಿತ್ತು, ಕೆಲಸ ಮಾತ್ರ ಕಾಣುತ್ತಿತ್ತು. ನೆಲಗಪ್ಪೆ ಕರಿಮಣಿ ಪೋಣಿಸಿದ ಲೋಳೆಯ ದಾರಗಳನ್ನು ಹುಲ್ಲಿಗೆ ಸುತ್ತಿ ಹೋಗಿತ್ತು. ನೀರಿನ ಮೇಲೆ ತೆಳ್ಳಗೆ ಹಾಸಿದ ಸಣ್ಣ ಮೊಟ್ಟೆಗಳು ಬೇರೆಯವರದು. ಇನ್ನು ಇವುಗಳ ಓಟವೆಲ್ಲ ಬಿಸಿಲಿನ ಜೊತೆಗೆ. ಒಳಗೆ ಗೂಳಿಗಪ್ಪೆಯ ಮರಿಗಳ ಕಾಟ ಬೇರೆ, ಅವು ಉಳಿದ ಗೊದಮೊಟ್ಟೆಗಳನ್ನೇ ತಿಂದು ಬೆಳೆಯುತ್ತವೆ. ಬಿಲಗಪ್ಪೆಯಂಥವಕ್ಕೆ ಕಾಲು ಮೂಡಿ, ಬಾಲ ಕರಗಿ, ದಂಡೆ ಹತ್ತಲು ನಾಲ್ಕೈದು ವಾರ ಬೇಕು. ನಡುವೆ ಮಳೆ ಕೈಕೊಟ್ಟರೆ ಆ ವರ್ಷದ ಸಂತಾನ ಅಲ್ಲೇ ಒಣಗಿ ಹೋಗುತ್ತದೆ. ಅಂಥ ವರ್ಷಗಳು ಬರುತ್ತವೆಂದೇ ಒಂದೊಂದು ಹೆಣ್ಣು ಸಾವಿರಗಟ್ಟಲೆ ಮೊಟ್ಟೆಯಿಡುವುದು.

ಮಳೆ ತಡವಾದರೆ ಕಪ್ಪೆಗೆ ಮದುವೆ ಮಾಡಿಸುವ ನಾಡು ನಮ್ಮದು. ಅರಿಸಿನ, ಬಾಸಿಂಗ, ಊಟ, ಎಲ್ಲ ಆಗುತ್ತದೆ. ಗಂಡು-ಹೆಣ್ಣಿನ ಕಡೆಯವರ ವಾಸಸ್ಥಾನದ ಬಗ್ಗೆ ಮಾತ್ರ ಬೀಗರ್ಯಾರೂ ವಿಚಾರಿಸಿದಂತಿಲ್ಲ.

ಇದೇ ತಾಲ್ಲೂಕಿನ ಸಂಕೇಶ್ವರದ ಮಗ್ಗುಲಿಗೆ ಹಿರಣ್ಯಕೇಶಿ ಹರಿಯುತ್ತದೆ. ಅದು ಹುಟ್ಟುವುದು ಮಹಾರಾಷ್ಟ್ರದ ಅಂಬೋಲಿಯಲ್ಲಿ, ಸಂಕೇಶ್ವರದಿಂದ ಎರಡು-ಮೂರು ಗಂಟೆಯ ದಾರಿ. ಅಂಬೋಲಿಗೆ ವರ್ಷಕ್ಕೆ 7000 ಮಿ.ಮೀ. ಆಸುಪಾಸು ಮಳೆ, ಗೋಕಾಕ-ಮೂಡಲಗಿಯ ಬಯಲಿಗೆ ಬರುವಷ್ಟರಲ್ಲಿ ಅದರ ಹತ್ತನೆಯ ಒಂದು ಭಾಗವೂ ಉಳಿಯುವುದಿಲ್ಲ. 2009ರಲ್ಲಿ ವಿಜ್ಞಾನಿಗಳು ಅಂಬೋಲಿಯ ಒಂದು ನೆಲಗಪ್ಪೆಯನ್ನು ಹೊಸ ಜಾತಿಯೆಂದು ಹೆಸರಿಸಿದರು. ಮೈಮೇಲೆ ಹಳದಿ ಪಟ್ಟೆಗಳಿರುವ ಅದು ಇಂದು ಅಳಿವಿನ ಅಂಚಿನ ಜೀವಿಗಳ ಪಟ್ಟಿಯಲ್ಲಿದೆ. ಅಷ್ಟು ಮಳೆ, ಅಷ್ಟು ತೊರೆಗಳ ನಡುವೆಯೂ ಅದು ಮೊಟ್ಟೆಯಿಡುವುದು ಜಂಬಿಟ್ಟಿಗೆ ಹಾಸಿನ ಮೇಲೆ ನಿಲ್ಲುವ ಬೊಗಸೆ ನೀರಿನಲ್ಲಿ. ಘಟ್ಟದ ಕಪ್ಪೆಗಳಿಗೆ ಹೆಸರಿದೆ, ಫೋಟೊ ಇದೆ, ಮಳೆಗಾಲದಲ್ಲಿ ಕ್ಯಾಮೆರಾ ಹೊತ್ತು ಬರುವ ಅಭಿಮಾನಿಗಳಿದ್ದಾರೆ. ನದಿ ಇಳಿದು ಬಯಲಿಗೆ ಬಂದರೆ ಕಪ್ಪೆ ಬರೇ ಕಪ್ಪೆ. ಅಪರೂಪದ್ದಲ್ಲ, ಆದ್ದರಿಂದ ಅದರ ಲೆಕ್ಕ ಇಡುವವರೂ ಇಲ್ಲ. ಜಗತ್ತಿನ ಉಭಯವಾಸಿಗಳಲ್ಲಿ ಶೇ. 41ರಷ್ಟು ಜಾತಿಗಳು ಅಪಾಯದಲ್ಲಿವೆ ಎಂದು 2023ರ ಸಮೀಕ್ಷೆ ಹೇಳಿತು. ಬೇರೆ ಯಾವ ಬೆನ್ನೆಲುಬಿನ ಪ್ರಾಣಿ ವರ್ಗಕ್ಕೂ ಇಷ್ಟು ಕೆಟ್ಟ ಗತಿ ಬಂದಿಲ್ಲ. ಆದರೆ ಸಾಮಾನ್ಯ ಜಾತಿಗಳು ಒಂದೊಂದೇ ಊರಿನಿಂದ ಕಾಣೆಯಾಗುವುದು ಅಂಥ ಪಟ್ಟಿಯಲ್ಲಿ ಎಷ್ಟೋ ವರ್ಷ ಕಾಣಿಸುವುದೇ ಇಲ್ಲ.

ಗೂಳಿಗಪ್ಪೆ ಕಡಿಮೆಯಾಗುವುದು ಮಾತ್ರ ಒಮ್ಮೆ ಜನರ ಕಣ್ಣಿಗೆ ಬಿದ್ದಿತ್ತು. ವಿದೇಶದ ಊಟದ ಮೇಜಿಗೆಂದು ಇದರ ಕಾಲುಗಳನ್ನು ನಾವು ಟನ್‌ಗಟ್ಟಲೆ ರಫ್ತು ಮಾಡುತ್ತಿದ್ದೆವು. ಗದ್ದೆಗಳಲ್ಲಿ ಕೀಟ ಹೆಚ್ಚಾಗುತ್ತದೆಂಬ ಕೂಗೆದ್ದು, 1987ರಲ್ಲಿ ಸರಕಾರ ರಫ್ತು ನಿಲ್ಲಿಸಿತು. ಕಪ್ಪೆಯ ಕಾಲನ್ನು ಕಾನೂನು ಉಳಿಸಿತು ಎನ್ನೋಣ. ಅದು ಕಾಲೂರುವ ಜಾಗದ ಬಗ್ಗೆ ಅಂಥ ಆದೇಶವೇನೂ ಬರಲಿಲ್ಲ.

ಗೋಕಾಕಕ್ಕೆ ಬಂದವರು ಫಾಲ್ಸ್ ನೋಡದೆ ಹೋಗುವಂತಿಲ್ಲ, ನಾನೂ ನೋಡಿದೆ. ಘಟಪ್ರಭೆ 52 ಮೀಟರ್ ಧುಮುಕುವ ಜಾಗ. ಜೂನಿನ ಆರಂಭಕ್ಕೆ ಧಾರೆ ಬಡವಾಗಿತ್ತು. ತೂಗುಸೇತುವೆಯ ಮೇಲಿನ ಜನ ಸೆಲ್ಫಿಯಲ್ಲಿ ನೀರು ಹಿಡಿಸಲು ಪಡುವ ಪಾಡು ನೋಡುವಂತಿತ್ತು. ನನಗೆ ಬೇಕಾದದ್ದು ಬಂಡೆಯ ಮೇಲಿತ್ತು. ರೋಹಿಣಿ ಮಳೆಗೆ ತುಂಬಿದ, ಪರಾತದಷ್ಟಗಲದ ಒಂದು ಕುಳಿ. ನಡುನೀರಿನಲ್ಲಿ ಅಲುಗದೆ ತೇಲುತ್ತಿದ್ದ ಹತ್ತಿಪ್ಪತ್ತು ಗೊದಮೊಟ್ಟೆಗಳ ಮೈ ಎಷ್ಟು ಪಾರದರ್ಶಕವೆಂದರೆ ಒಳಗಿನ ಕರುಳಿನ ಸುರುಳಿ ಕಾಣುತ್ತಿತ್ತು, ಕಣ್ಣುಗಳೆರಡೂ ತಲೆಯ ಪಕ್ಕಕ್ಕೆ ಅಂಟಿಸಿಟ್ಟ ಹಾಗಿದ್ದವು. ಬೆರಳ ತುದಿಯಷ್ಟೇ ಬೆಳೆಯುವ ಸಣ್ಣಬಾಯಿ ಕಪ್ಪೆಯ ಮರಿಗಳಿವು. ಅದೇ ಕುಳಿಯಲ್ಲಿ ಒಂದು ಗುಟ್ಕಾ ಚೀಟಿ ಮತ್ತು ಪ್ಲಾಸ್ಟಿಕ್ ಲೋಟ. ಲೋಟದೊಳಗೂ ಒಂದು ಮರಿ ಸೇರಿಕೊಂಡಿತ್ತು. ಲೋಟ ಬಗ್ಗಿಸಿ ಅದನ್ನು ಕುಳಿಗೆ ಬಿಟ್ಟೆ.

ಮೇಲೆ ಧೂಪದಾಳದಲ್ಲಿ, 19ನೇ ಶತಮಾನದ ಕೊನೆಗೆ ಕಟ್ಟಿದ ಒಡ್ಡಿನ ಹಿಂದೆ, ಘಟಪ್ರಭಾ ಪಕ್ಷಿಧಾಮವಿದೆ. 1974ರಲ್ಲಿ ಘೋಷಣೆಯಾಯಿತು, 29.78 ಚದರ ಕಿ.ಮೀ. ಚಳಿಗಾಲಕ್ಕೆ ಡೆಮೊಸೆಲ್ ಕ್ರೌಂಚಗಳೂ ಯುರೋಪಿನ ಬಿಳಿ ಕೊಕ್ಕರೆಗಳೂ ಬರುತ್ತವೆ. ಹಕ್ಕಿಗೆ ಧಾಮ ಸಿಕ್ಕ ಸಂತೋಷ ನನಗೂ ಇದೆ. ಆದರೆ ಕೊಕ್ಕರೆ ಹೊಟ್ಟೆಪಾಡಿಗೆ ಇಳಿಯುವುದು ಸುತ್ತಲಿನ ಹೊಲಗಳಿಗೆ, ಅಲ್ಲಿನ ಮಿಡತೆಗೆ, ಕಪ್ಪೆಗೆ. ಆ ಹೊಲಗಳ ನಡುವಿನ ಹೊಂಡಕ್ಕೆ ಯಾರ ಬೋರ್ಡೂ ಇಲ್ಲ.

ಗೋಕಾಕದಿಂದ ಮೂಡಲಗಿ ಕಡೆ ಹೋಗುವ ದಾರಿಯಲ್ಲಿ ಒಬ್ಬ ರೈತರು ತಮ್ಮ ಕೃಷಿ ಹೊಂಡ ತೋರಿಸಲು ಕರೆದರು. 2014-15ರಲ್ಲಿ ಶುರುವಾದ ಕೃಷಿ ಭಾಗ್ಯ ಯೋಜನೆಯಿಂದ ರಾಜ್ಯದ ತುಂಬ ಇಂಥ ಹೊಂಡಗಳಾದವು: ಚೌಕಾಕಾರ, ಕಡಿದಾದ ಗೋಡೆ, ನೀರು ಇಂಗದಂತೆ ತಳಕ್ಕೂ ಬದಿಗೂ ದಪ್ಪ ಕರಿ ಪ್ಲಾಸ್ಟಿಕ್ ಹಾಳೆ, ಸುತ್ತ ತಂತಿಬೇಲಿ. ಒಣಬೇಸಾಯದವನಿಗೆ ಅದು ಜೀವ ಉಳಿಸುವ ಸಾಮಾನು, ಅದರಲ್ಲಿ ಎರಡು ಮಾತಿಲ್ಲ. ಕಪ್ಪೆಗೆ ಮಾತ್ರ ಅದು ಬಲೆ. ದಂಡೆಯಲ್ಲೇ ನಿಂತು ನೋಡಿದೆವು. ಒಂದು ನೆಲಗಪ್ಪೆ ಹಾಳೆಯ ಮೇಲೆ ಮುಂಗಾಲು ಊರಿ ಗೇಣುದ್ದ ಏರುತ್ತಿತ್ತು, ಸರ್ರನೆ ಜಾರುತ್ತಿತ್ತು. ಮತ್ತೆ ಏರುತ್ತಿತ್ತು. ಮೂಲೆಯಲ್ಲಿ ಹೊಟ್ಟೆ ಮೇಲಾಗಿ ತೇಲುತ್ತಿದ್ದವು ಹಿಂದೆ ಹೀಗೇ ಏರಲು ನೋಡಿದವು.

"ದಿನಾ ಬೀಳ್ತಾವ ನೋಡ್ರಿ, ನೀರು ನಾರ್ತೈತಿ ಅಂತ ನಾನ ತಗದ ಒಗೀತೀನಿ" ಎಂದರು ಅವರು. ಮನೆಯಲ್ಲಿ ಹರಿದ ಗೋಣಿತಟ್ಟು ಇದ್ದರೆ ಮೂಲೆಗೊಂದು ಇಳಿಬಿಟ್ಟು ನೋಡೋಣವೇ ಎಂದು ಕೇಳಿದೆ. ಕೇಳಿದ್ದೇ ತಡ, ಪಂಪಿನ ಶೆಡ್ಡಿನಿಂದ ಎರಡು ತಟ್ಟು ತಂದರು. ಮೇಲಿನ ತುದಿಗೆ ಕಲ್ಲು ಹೇರಿ, ಕೆಳತುದಿ ನೀರಿನಲ್ಲಿ ಮುಳುಗುವಂತೆ ಬಿಟ್ಟೆವು. ಕಪ್ಪೆಗೆ ಅದು ಗೊತ್ತಾಗಲು ಹೊತ್ತು ಹಿಡಿಯಿತು. ಗೊತ್ತಾದ ಮೇಲೆ ನೂಲಿಗೆ ಬೆರಳು ಸಿಕ್ಕಿಸುತ್ತ, ನಡುನಡುವೆ ಕೂತು ದಣಿವಾರಿಸಿಕೊಂಡು, ಮೇಲೆ ಬಂತು. ಬಂದ ಮೇಲೆ ನಮ್ಮತ್ತ ತಿರುಗಿಯೂ ನೋಡದೆ ಹತ್ತಿಯ ಸಾಲಿಗೆ ಇಳಿಯಿತು. ರೈತರು ಬಹಳ ಹೊತ್ತು ಆ ಕಡೆಯೇ ನೋಡಿದರು. ಆಮೇಲೆ, "ಇದಕ್ಕೇನ್ ರೊಕ್ಕ ಬೀಳೂದಿಲ್ಲ ಬಿಡ್ರಿ" ಎಂದರು. ಸಹಾಯಧನದ ಹೊಂಡಕ್ಕೆ ಬೇಲಿ ಕಡ್ಡಾಯ ಮಾಡಿದವರು ಒಂದು ಹಗ್ಗದ ಏಣಿಯನ್ನೂ ಸೇರಿಸಬಹುದಿತ್ತು ಎಂದು ನನಗನ್ನಿಸಿತು. ಬಿದ್ದ ಮನುಷ್ಯರಿಗೂ ಆಡಿನ ಮರಿಗೂ ಅದು ಉಪಯೋಗಕ್ಕೆ ಬರುತ್ತದೆ.

ಮೂಡಲಗಿ ಗೋಕಾಕದಿಂದ ಬೇರೆಯಾಗಿ ತಾಲ್ಲೂಕಾದದ್ದು ಈಚೆಗೆ. ಪಾರಿಜಾತದ ಆಟಕ್ಕೆ ಹೆಸರಾದ ಕುಲಗೋಡ ತಮ್ಮಣ್ಣನ ಊರು ಇದೇ ಸೀಮೆಯದು. ಇಲ್ಲಿ ಎರಿ ಮಣ್ಣು, ಕಾಲುವೆ, ಕಣ್ಣು ಹಾಯುವವರೆಗೆ ಕಬ್ಬು. ಹುಕ್ಕೇರಿಯ ಗಾಯರಾಣ ನೋಡಿ ಬಂದವನಿಗೆ ಇದು ಕಪ್ಪೆಗಳ ಸ್ವರ್ಗವಾಗಿರಬೇಕು ಅನ್ನಿಸುತ್ತದೆ. ರಾತ್ರಿ ನಿಂತು ಕೇಳಿದೆ. ಸದ್ದು ಇಲ್ಲದಿಲ್ಲ, ಆದರೆ ಒಂದೇ ರಾಗ: ವರ್ಷವಿಡೀ ನೀರಿನಲ್ಲೇ ಇರುವ, ನೀರ ಮೇಲೆ ಪುಟಿದು ಓಡುವ ಸಾಮಾನ್ಯ ಕಪ್ಪೆಯದ್ದು. ಮಣ್ಣೊಡೆದು ಬರುವವರ ದನಿ ಕೇಳಲಿಲ್ಲ. ಒಂದು ರಾತ್ರಿ ಕಿವಿಗೊಟ್ಟು ಕೇಳಿದ್ದರಿಂದ ತೀರ್ಪು ಕೊಡುವಂತಿಲ್ಲ, ಆದರೂ ಕಾರಣ ಹುಡುಕಲು ಬಹಳ ದೂರ ಹೋಗಬೇಕಾಗಿಲ್ಲ. ಕಾಲುವೆ ನೀರು ಹೊಂಡವನ್ನು ಒಣಗಲು ಬಿಡುವುದಿಲ್ಲ. ಒಣಗದ ಹೊಂಡಕ್ಕೆ ಜಿಲೇಬಿ ಮೀನು ಬಂದು ಸೇರುತ್ತದೆ. ಅತಿಯಾಗಿ ನೀರುಣಿಸಿದ ಕಡೆ ನೆಲ ಸವಳಾಗಿದೆ, ಜವಳಾಗಿದೆ. ಕಬ್ಬಿನ ಸಾಲಿಗೆ ಕಳೆನಾಶಕ ಹೊಡೆದರೆ ಮೊದಲ ಮಳೆಗೆ ಅದು ತೊಳೆದು ಹೋಗುವುದು ಗೊದಮೊಟ್ಟೆ ಇರುವ ತಗ್ಗಿಗೇ. 2019ರ ಆಗಸ್ಟಿನಲ್ಲಿ ಘಟಪ್ರಭೆ ಉಕ್ಕಿ ಗೋಕಾಕದ ಪೇಟೆಯನ್ನೇ ಮುಳುಗಿಸಿದಾಗ ಹೊಳೆದಂಡೆಯ ಇಟ್ಟಂಗಿ ಭಟ್ಟಿಗಳ ತೆಗ್ಗಿಗೂ ಹೊಳೆಯ ಮೀನು ನುಗ್ಗಿರಬೇಕು. ಬರಗಾಲ ಕಪ್ಪೆಯನ್ನು ಕೊಲ್ಲುತ್ತದೆಂದು ನಾವು ಅಂದುಕೊಂಡಿದ್ದೇವೆ. ಬರಗಾಲಕ್ಕೆ ಅದು ಲಕ್ಷಾಂತರ ವರ್ಷದಿಂದ ತಯಾರಾಗಿದೆ, ತಯಾರಿ ಇಲ್ಲದಿರುವುದು ಈ ಹನ್ನೆರಡು ತಿಂಗಳ ನೀರಿಗೆ.

ನೀರು ನಿಂತರೆ ಸೊಳ್ಳೆ, ಡೆಂಗಿ ಎಂಬ ಮಾತು ಹೋದಲ್ಲೆಲ್ಲ ಬಂತು. ತಳ್ಳಿಹಾಕುವ ಮಾತಲ್ಲ. ಡೆಂಗಿಯ ಸೊಳ್ಳೆಗೆ ಹೆಚ್ಚು ಇಷ್ಟ ಮನೆಯಂಗಳದ ಡ್ರಮ್ಮು, ಟಯರು, ಒಡೆದ ಮಡಕೆ. ಏರೋಪ್ಲೇನ್ ಚಿಟ್ಟೆಯ ಮರಿಗಳೂ ನೀರುಹುಳಗಳೂ ಇರುವ ಬಯಲ ಹೊಂಡದಲ್ಲಿ ಸೊಳ್ಳೆಮರಿಗೆ ಉಳಿಗಾಲ ಕಡಿಮೆ. ತಾಪತ್ರಯ ಶುರುವಾಗುವುದು ಪರಿಹಾರದಿಂದ. ಸೊಳ್ಳೆಗೆಂದು ಬಿಡುವ ಗಂಬೂಸಿಯಾ ಮೀನು ಕಪ್ಪೆಯ ಮೊಟ್ಟೆಯನ್ನೂ ಎಳೆ ಮರಿಯನ್ನೂ ಕುಕ್ಕುತ್ತದೆ. ಊರ ಬಾವಿ, ತೊಟ್ಟಿಗೆ ಬಿಟ್ಟರೆ ಬಿಡಲಿ. ಗಾಯರಾಣದ ಹೊಂಡಕ್ಕೆ ಬೇಡ.

ಮೂಡಲಗಿ ಸೀಮೆಯ ಒಂದು ಊರಲ್ಲಿ ಪಂಚಾಯಿತಿಯ ಕಟ್ಟೆಯ ಮೇಲೆ ಈ ಮಾತೆಲ್ಲ ಬಂತು. ಕೆರೆ-ಹೊಂಡ ತೋಡುವುದು ಅವರಿಗೆ ಹೊಸದೇನಲ್ಲ. ಕೇಂದ್ರ ಸರಕಾರ 2022ರ ಏಪ್ರಿಲ್ 24ರಂದು ಅಮೃತ ಸರೋವರ ಯೋಜನೆ ಶುರುಮಾಡಿ ಜಿಲ್ಲೆಗೆ 75 ಕೆರೆಗಳ ಗುರಿ ಕೊಟ್ಟಿತ್ತು: ಒಂದೊಂದೂ ಕನಿಷ್ಠ ಎಕರೆಯಷ್ಟು, 10,000 ಘನ ಮೀಟರ್ ನೀರು ಹಿಡಿಯುವಂಥದ್ದು. ದೊಡ್ಡದು, ಆಳದ್ದು, ಸುತ್ತ ಕಲ್ಲು ಕಟ್ಟಿದ್ದು. ಆಮೇಲೆ ಮೀನಿನ ಹರಾಜು. ನಾನು ಕೇಳಿದ್ದು ಅದರ ತಿರುಗುಮುರುಗು: ಟೊಂಕಕ್ಕಿಂತ ಆಳ ಬೇಡ, ದಂಡೆ ಎಮ್ಮೆ ಇಳಿದು ಹತ್ತುವಷ್ಟು ಓರೆಯಾಗಿರಲಿ, ಕಲ್ಲು-ಸಿಮೆಂಟು ಬೇಡ, ಪ್ಲಾಸ್ಟಿಕ್ ಬೇಡ, ಕಾಲುವೆಯ ಸಂಪರ್ಕ ಬೇಡ, ಒಂದು ದೊಡ್ಡದರ ಬದಲು ದೂರದೂರಕ್ಕೆ ಮೂರ್ನಾಲ್ಕು ಸಣ್ಣವು, ದಂಡೆಗೆ ಒಂದಿಷ್ಟು ಕಲ್ಲಿನ ಗುಡ್ಡೆ ಮತ್ತು ಮುಟ್ಟದೆ ಬಿಟ್ಟ ಹುಲ್ಲು. ಕಪ್ಪೆ ತಂದು ಬಿಡುವುದೂ ಬೇಡ, ಬೇರೆ ಕಡೆಯಿಂದ ತಂದರೆ ರೋಗವೂ ಜೊತೆಗೆ ಬರಬಹುದು.

"ತಾವಾಗೇ ಬರ್ತಾವಂತ ಏನ್ ಗ್ಯಾರಂಟಿ?" ಎಂದರೊಬ್ಬ ಸದಸ್ಯರು. ಸ್ವಿಟ್ಜರ್ಲೆಂಡಿನ ಆರ್ಗಾವ್ ಪ್ರಾಂತ್ಯದ ಕತೆ ಹೇಳಿದೆ. ಅಲ್ಲಿ ಸರಕಾರ, ಸಂಘಸಂಸ್ಥೆಗಳು, ಜಮೀನಿನವರು ಸೇರಿ 400ಕ್ಕೂ ಮಿಕ್ಕಿ ಹೊಸ ಹೊಂಡ ತೋಡಿದರು. ಇಪ್ಪತ್ತು ವರ್ಷ ಸ್ವಯಂಸೇವಕರು ರಾತ್ರಿ ತಿರುಗಿ ಲೆಕ್ಕ ಇಟ್ಟರು. 2022ರಲ್ಲಿ ಪ್ರಕಟವಾದ ಆ ಲೆಕ್ಕದ ಪ್ರಕಾರ ಅರ್ಧಕ್ಕಿಂತ ಹೆಚ್ಚು ಕಡೆ ಕಪ್ಪೆಗಳು ಹೆಚ್ಚಾಗಿದ್ದವು, ಅದೂ ರಸ್ತೆ, ಔಷಧಿ, ರೋಗ ಯಾವುದೂ ಕಡಿಮೆಯಾಗದೆ. ಕಟ್ಟೆಯ ಮೇಲಿದ್ದವರಿಗೆ ಸ್ವಿಟ್ಜರ್ಲೆಂಡು ಅಷ್ಟಾಗಿ ಹಿಡಿಸಲಿಲ್ಲ. ಮಳವಳ್ಳಿ ತಾಲ್ಲೂಕಿನ ದಾಸನದೊಡ್ಡಿಯ ಕಾಮೇಗೌಡರ ಹೆಸರು ಹೇಳಿದಾಗ ತಲೆಗಳು ಅಲ್ಲಾಡಿದವು. ಕುರಿ ಕಾಯುತ್ತ, ಗುಡ್ಡದಲ್ಲಿ ಪ್ರಾಣಿಪಕ್ಷಿಗಳು ನೀರಿಲ್ಲದೆ ಪರದಾಡುವುದನ್ನು ಕಂಡು, ಸ್ವಂತ ದುಡಿಮೆಯ ಹಣದಲ್ಲಿ ಕಟ್ಟೆಯ ಮೇಲೆ ಕಟ್ಟೆ ತೋಡಿಸಿದವರು. 2020ರ ಜೂನಿನಲ್ಲಿ ಪ್ರಧಾನಿ ರೇಡಿಯೊದಲ್ಲಿ ಹೊಗಳಿದಾಗ ದೇಶಕ್ಕೆಲ್ಲ ಗೊತ್ತಾದರು, 2022ರಲ್ಲಿ ತೀರಿಕೊಂಡರು. "ಅವರು ಸ್ವಂತ ರೊಕ್ಕ ಹಾಕಿದ್ರು, ನಾವು ಉದ್ಯೋಗ ಖಾತ್ರಿಯೊಳಗ ತೋರಸಬೇಕಲ್ರಿ" ಎಂದು ಆ ಸದಸ್ಯರೇ ಮತ್ತೆ ಕೊಕ್ಕೆ ಹಾಕಿದರು.

ಅಲ್ಲಿಗೆ ಮಾತು ಅರ್ಜಿಯ ಕಾಲಂಗಳಿಗೆ ಇಳಿಯಿತು. ಪಂಚಾಯಿತಿಗೊಂದು ಜೀವವೈವಿಧ್ಯ ನಿರ್ವಹಣಾ ಸಮಿತಿ ಇರಬೇಕೆಂದು 2002ರ ಕಾಯ್ದೆಯೇ ಹೇಳುತ್ತದೆ, ಊರಿನ ಗಿಡ-ಪ್ರಾಣಿಗಳ ದಾಖಲಾತಿಯನ್ನೂ ಮಾಡಿಸಬೇಕು. ಕಪ್ಪೆಯ ಹೊಂಡವನ್ನು ಆ ದಾರಿಯಿಂದ ತರಬಹುದು ಎಂದೆ. ದಾಖಲಾತಿಯಲ್ಲಿ ಕಪ್ಪೆಗೆ ಒಂದು ಸಾಲಾದರೂ ಸಿಕ್ಕಿದೆಯೋ ಎಂದು ಕಪಾಟು ತೆಗೆಯಲು ಹೋದವರು ಬೀಗದ ಕೈ ಹುಡುಕುತ್ತ ಉಳಿದರು. ಅಷ್ಟರಲ್ಲಿ ಬಾಗಿಲ ಬಳಿ ನಿಂತು ಎಲ್ಲವನ್ನೂ ಕೇಳಿಸಿಕೊಳ್ಳುತ್ತಿದ್ದ ಒಬ್ಬ ಹೆಣ್ಣುಮಗಳು ಒಳಗೆ ಬಂದರು, ಕೈಯಲ್ಲಿ ಜಾಬ್ ಕಾರ್ಡು. "ದನಕ್ಕ ನೀರು ಅಂತ ಬರೀರಿ ಸಾಹೇಬ್ರ. ಆಳ ಕಮ್ಮಿ ಇದ್ರ ಕರಾ ಸೈತ ಕುಡೀತಾವ, ಕೆಲಸಾನೂ ನಮಗ ಸಿಗತೈತಿ, ಜೆಸಿಬಿ ಬ್ಯಾಡ. ಕಪ್ಪಿ ತಾವಾ ಬರ್ತಾವ."

ಪಂಚಾಯಿತಿಯವರು ಕೈಯಿಂದ ಅಗೆಯುವುದಾದರೆ ಎಷ್ಟು ಆಳು, ಎಷ್ಟು ದಿನ ಎಂದು ಲೆಕ್ಕ ಹಾಕತೊಡಗಿದರು. ಮೀನಿನ ಹರಾಜು ಬಿಡಲೊಪ್ಪದ ಇನ್ನೊಬ್ಬ ಸದಸ್ಯರು ಮಾತ್ರ, ನೀರು ನಿಂತ ಮೇಲೆ ನಾಕು ಮರಿ ಬಿಟ್ಟರೆ ಏನು ಗಂಟು ಹೋಗುತ್ತದೆ ಎಂದು ಇನ್ನೂ ವಾದ ಮಾಡುತ್ತಿದ್ದರು. ದನಗಳ ಹೊಂಡದಲ್ಲಿ ಮೀನು ಹಿಡಿಯಲು ಬಲೆ ಬೀಸಿದರೆ ಎಮ್ಮೆ ಕಾಲಿಗೆ ತೊಡಕುತ್ತದೆ ಎಂದು ಆ ಹೆಣ್ಣುಮಗಳು ಅವರಿಗೆ ಹೇಳುತ್ತಿದ್ದಾಗ ನನ್ನ ಬಸ್ಸು ಬಂತು.